ಚಿಲಕದ ಸದ್ದು

ಮಗ, ಮಗಳು ರಾತ್ರಿಯೆಲ್ಲ ಹೆಡ್‌ಫೋನ್ ಹಾಕಿಕೊಂಡು ಹಾಡು ಕಟ್ಟುತ್ತ ಕೂರುತ್ತಾರೆ, ಓದು ಕೆಟ್ಟಿತು ಎಂಬ ದೂರು ಹೊತ್ತು ಸಲಹೆಗಾರ್ತಿಯಾದ ನನ್ನ ಬಳಿ ಬರುವ ತಂದೆ-ತಾಯಂದಿರು ಹೆಚ್ಚುತ್ತಲೇ ಇದ್ದಾರೆ. ಅಂಥ ಒಬ್ಬ ಹುಡುಗನ ಮುಂದೆ ನಾನು ತಪ್ಪಿದ್ದೆ. ಆ ತಪ್ಪು ನನ್ನ ಸಲಹೆಯ ದಾರಿಯನ್ನೇ ಬದಲಿಸಿತು. ಗುರುತು ಹತ್ತದಂತೆ ವಿವರಗಳನ್ನು ಮಾರ್ಪಡಿಸಿ ಬರೆಯುತ್ತಿದ್ದೇನೆ.

ಹುಡುಗನಿಗೆ ಹದಿನೇಳು. ಮೊದಲೆರಡು ಭೇಟಿಯಲ್ಲಿ ತಂದೆಯದೇ ಮಾತು. ಅಂಕ ಇಳಿದಿದೆ, ರಾತ್ರಿ ಎರಡಾದರೂ ಮಲಗುವುದಿಲ್ಲ, ಕೇಳಿದರೆ ‘ಟ್ರ್ಯಾಕ್ ಮಾಡ್ತಿದ್ದೀನಿ’ ಅನ್ನುತ್ತಾನೆ. “ಇದರಿಂದ ಹೊಟ್ಟೆ ತುಂಬುತ್ತಾ, ನೀವೇ ಹೇಳಿ ಮೇಡಂ.” ಹುಡುಗ ನೆಲ ನೋಡುತ್ತ ಕೂತಿದ್ದ.

ಮೂರನೇ ಸಲ ಅವನೊಬ್ಬನನ್ನೇ ಕರೆದೆ, ಲ್ಯಾಪ್‌ಟಾಪ್ ತರಲು ಹೇಳಿದ್ದೆ. ನಲವತ್ತು ಸೆಕೆಂಡಿನ ಒಂದು ತುಣುಕು ಕೇಳಿಸಿದ. ತಳದಲ್ಲಿ ತಗ್ಗು ಸ್ವರವೊಂದು ಗುಂಯ್‌ಗುಡುತ್ತಿತ್ತು. ಅದರ ಮೇಲೆ ತಾಳ. ಎರಡು ಪೆಟ್ಟಿಗೊಮ್ಮೆ ‘ಟಕ್’ ಎಂಬ ಒಣ ಸದ್ದು. ಏನದು ಎಂದೆ.

“ಮನೆ ಬಾಗಿಲ ಚಿಲಕ. ಫೋನಲ್ಲಿ ರೆಕಾರ್ಡ್ ಮಾಡ್ಕೊಂಡೆ.”

ತಂದೆಯ ಗಡಸು ದನಿ, ರಾತ್ರಿ, ಚಿಲಕ. ಮನಸ್ಸಿನಲ್ಲೇ ಲೆಕ್ಕ ಕೂಡಿಸಿಬಿಟ್ಟೆ. “ಅಪ್ಪ ಮನೆಗೆ ಬಂದಾಗ ಕೇಳೋ ಸದ್ದಾ ಇದು? ಕೇಳಿದರೆ ಏನನ್ನಿಸುತ್ತೆ ನಿನಗೆ?”

ಅವನು ಮೊದಲ ಬಾರಿ ತಲೆಯೆತ್ತಿ ನನ್ನ ಮುಖ ನೋಡಿದ. “ಹಂಗೇನಿಲ್ಲ ಮೇಡಂ. ಸಾಫ್ಟ್‌ವೇರಲ್ಲಿದ್ದ ಸ್ನೇರ್ ಡ್ರಮ್ ಸದ್ದು ಎಲ್ಲರ ಹಾಡಲ್ಲೂ ಇರೋ ಥರಾನೇ ಇತ್ತು. ಚಿಲಕ ಚೆನ್ನಾಗಿ ಕೂತ್ಕೊಳ್ತು, ಹಾಕಿದೆ.”

ನಾನು ಗಾಯ ಹುಡುಕುತ್ತಿದ್ದೆ. ಅವನು ಒಂದು ಒಳ್ಳೆಯ ಸದ್ದು ಹುಡುಕಿದ್ದ. ಪೆಚ್ಚಾಗಿ ಸುಮ್ಮನಾದೆ. ಆ ಮೌನದಲ್ಲಿ ಅವನೇ ಮಾತು ಮುಂದುವರಿಸಿದ. ಪರದೆಯ ಗೆರೆಗಳ ಮೇಲೆ ಆ ‘ಟಕ್’ ಅನ್ನು ಸರಿಯಾಗಿ ಕೂರಿಸಿ ಕೇಳಿಸಿದ. ಆಮೇಲೆ ಕೂದಲೆಳೆಯಷ್ಟು, ಸೆಕೆಂಡಿನ ಐವತ್ತರಲ್ಲಿ ಒಂದು ಭಾಗದಷ್ಟು, ಬಲಕ್ಕೆ ಸರಿಸಿ ಇನ್ನೊಮ್ಮೆ ಕೇಳಿಸಿದ. ಪೆಟ್ಟು ತುಸು ತಡವಾಗಿ ಬಿತ್ತು. ನನ್ನ ತಲೆ ತಾನಾಗಿ ತೂಗಿತು. “ನೋಡಿ, ಸರಿಯಾಗಿ ಕೂತಾಗ ಸತ್ತಂಗಿತ್ತು” ಅಂದ.

ಇದಕ್ಕಾಗಿ ನಿದ್ದೆಗೆಡುತ್ತೀಯಲ್ಲ, ಏನಿದೆ ಇದರಲ್ಲಿ ಎಂದು ಕೇಳಿದೆ. ಕೆಣಕುವುದಕ್ಕಲ್ಲ, ನಿಜಕ್ಕೂ ತಿಳಿಯಬೇಕಿತ್ತು. ತುಂಬ ಹೊತ್ತು ಯೋಚಿಸಿದ. “ನಿನ್ನೆ ಇದು ಇರಲಿಲ್ಲ. ಇವತ್ತು ಇದೆ. ಮಿಕ್ಕಿದ್ದಕ್ಕೆಲ್ಲ ಉತ್ತರ ಮೊದಲೇ ಪುಸ್ತಕದ ಹಿಂದೆ ಇರುತ್ತೆ ಮೇಡಂ.”

ಈ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಹರೆಯದವರು ಸಂಗೀತಕ್ಕೆ ಒಲಿಯುವುದು ನೋವು ಹೊರಹಾಕಲು, ಇಲ್ಲವೇ ಹೆಸರು ಮಾಡಲು ಎಂದು ನಾವು ಬಲು ಬೇಗ ತೀರ್ಮಾನಿಸುತ್ತೇವೆ. ಕೆಲವರಿಗೆ ಅದೂ ನಿಜ. ಆದರೆ ಯಾವಾಗ ಏಳಬೇಕು, ಏನು ಓದಬೇಕು, ಯಾರಿಗೆ ಉತ್ತರ ಕೊಡಬೇಕು ಎಂಬುದೆಲ್ಲ ಬೇರೆಯವರ ಕೈಯಲ್ಲಿರುವ ವಯಸ್ಸು ಅದು. ಪೆಟ್ಟು ಎಲ್ಲಿ ಬೀಳಬೇಕೆಂದು ತಾನೇ ತೀರ್ಮಾನಿಸುವ ಜಾಗವೊಂದು ಸಿಕ್ಕಿದರೆ ಯಾರು ಬಿಟ್ಟಾರು? ಆ ಜಾಗದಲ್ಲಿ ಸುಖವೂ ಇದೆ. ಸಂಗೀತ ಕೇಳಿ ಮೈ ಜುಮ್ಮೆನ್ನುವಾಗ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ, ಆ ಗಳಿಗೆಯಲ್ಲಷ್ಟೇ ಅಲ್ಲ, ಅದು ಬರಲಿದೆ ಎಂದು ಕಾಯುವಾಗಲೂ ಆಗುತ್ತದೆ ಎಂದು ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ತೋರಿಸಿದರು. ಹುಡುಗ ಚಿಲಕವನ್ನು ತುಸು ತಡವಾಗಿಸಿ ಆಡುತ್ತಿದ್ದುದು ಈ ಕಾಯುವಿಕೆಯ ಜೊತೆಗೇ. ಯಾರೂ ಹೇಳಿಕೊಡದೆ ಕಿವಿಯಿಂದಲೇ ಕಂಡುಕೊಂಡಿದ್ದ.

ಸಲಹೆಗೆ ಬರುತ್ತೇನೆ. ಪರೀಕ್ಷೆ ಮುಗಿಯುವವರೆಗೆ ಲ್ಯಾಪ್‌ಟಾಪ್ ಎತ್ತಿಡಿ ಎಂದು ನಾನು ಹೇಳಲಿಲ್ಲ. ಹೇಳಬೇಕಿತ್ತು ಎಂದು ಜೊತೆಯ ಸಲಹೆಗಾರರೊಬ್ಬರು ಆಕ್ಷೇಪಿಸಿದರು. ಕಿತ್ತುಕೊಂಡ ಹೊತ್ತು ಓದಿಗೆ ಹೋಗುವುದಿಲ್ಲ, ಸಿಟ್ಟಿಗೆ ಹೋಗುತ್ತದೆ ಎಂಬುದು ಇಷ್ಟು ವರ್ಷಗಳಲ್ಲಿ ನಾನು ಕಂಡದ್ದು. ಹಾಗೆಂದು ‘ಇದೇ ನಿನ್ನ ದಾರಿ, ಓದು ಬಿಡು’ ಎಂದೂ ಹೇಳಲಿಲ್ಲ. ಹದಿನೇಳರಲ್ಲಿ ಯಾರ ದಾರಿಯನ್ನೂ ನಾನು ಬರೆದುಕೊಡಲಾರೆ.

ನಿದ್ದೆಯಲ್ಲಿ ಮಾತ್ರ ರಾಜಿ ಮಾಡಿಕೊಳ್ಳಲಿಲ್ಲ. ಆ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕೇ ಬೇಕು. ರಾತ್ರಿ ಹತ್ತಕ್ಕೆ ಮುಚ್ಚು, ಸಂಜೆ ಒಂದೂವರೆ ಗಂಟೆ ಯಾರೂ ಕೇಳದ ನಿನ್ನದೇ ಹೊತ್ತು ಎಂದೆ. ಆ ಸಂಜೆಯ ಹೊತ್ತಿಗೆ ತಂದೆಯನ್ನು ಒಪ್ಪಿಸಲು ಎರಡು ಭೇಟಿ ಹಿಡಿಯಿತು. ಕಿವಿಯ ವಿಷಯವನ್ನೂ ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು, ಸದ್ದು ಏರಿದಂತೆ ಹೊತ್ತು ಸರ್ರನೆ ಇಳಿಯುತ್ತದೆ. ಕಿವಿಯನ್ನೇ ನಂಬಿ ಕೆಲಸ ಮಾಡುವವನಿಗೆ ಇದು ಬೇಗ ತಲೆಗೆ ಹೋಯಿತು. ತಂದೆಗೆ ಕೊಟ್ಟ ಕೆಲಸ ಒಂದೇ: ವಾರಕ್ಕೊಮ್ಮೆ ಮಗ ಮಾಡಿದ್ದನ್ನು ಪೂರ್ತಿ ಕೇಳಬೇಕು. ಚೆನ್ನಾಗಿದೆ ಎನ್ನುವ ಕಡ್ಡಾಯವಿಲ್ಲ, ಅಂಕದ ಮಾತು ಎತ್ತುವಂತಿಲ್ಲ.

ಎಲ್ಲ ಮಕ್ಕಳಿಗೂ ಇದೇ ಸಲಹೆ ಹೊಂದುವುದಿಲ್ಲ. ಊಟ ಬಿಟ್ಟು, ಗೆಳೆಯರನ್ನು ಬಿಟ್ಟು ಕೋಣೆ ಸೇರಿದ್ದರೆ, ಬರೆದ ಸಾಲುಗಳಲ್ಲಿ ಸಾವಿನ ಮಾತು ಮತ್ತೆ ಮತ್ತೆ ಬರುತ್ತಿದ್ದರೆ ನೇರವಾಗಿ ಕೇಳಿ: ಸಾಯಬೇಕು ಅನ್ನಿಸುತ್ತಿದೆಯಾ? ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಂಟಿಯಾಗಿ ಬಿಡಬೇಡಿ, ಅದೇ ದಿನ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಹುಡುಗನ ಅಂಕ ಸ್ವಲ್ಪ ಏರಿತು, ನಿದ್ದೆಯಿಂದ ಇರಬೇಕು. ಕೊನೆಯ ಭೇಟಿಗೆ ತಂದೆ ಒಬ್ಬರೇ ಬಂದಿದ್ದರು. ಎದ್ದು ಹೊರಡುವಾಗ ಬಾಗಿಲ ಬಳಿ ನಿಂತು, “ಆ ಟಕ್ ಅನ್ನೋದನ್ನ ಬೇಕಂತಲೇ ತಡ ಮಾಡ್ತಾನಂತೆ, ನಿಮಗೆ ಗೊತ್ತಾಯ್ತಾ ಮೇಡಂ?” ಎಂದು ಕೇಳಿದರು.