ರಿಪೋರ್ಟ್ ಎಲ್ಲಾ ನಾರ್ಮಲ್, ಮಗನ ಎದೆ ಮಾತ್ರ ಬಡ್ಕೊಳ್ತಾನೇ ಇದೆ

ಪ್ರಶ್ನೆ: ಅಕ್ಕಾವ್ರೇ, ನಮಸ್ಕಾರ. ನಾವು ರಾಣೆಬೆನ್ನೂರಿನವರು. ಯಜಮಾನರದು ಬೀಜ-ಗೊಬ್ಬರದ ಅಂಗಡಿ. ಮಗನಿಗೆ 23 ವರ್ಷ. ಡಿಗ್ರಿ ಮುಗಿಸಿ ಒಂದೂವರೆ ವರ್ಷದಿಂದ ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಪಿಎಸ್‌ಐ, ಕೆಎಎಸ್ ಅಂತ ಓದುತ್ತಿದ್ದಾನೆ. ಎಂಟು ತಿಂಗಳ ಹಿಂದೆ ಅವನ ರೂಮ್‌ಮೇಟ್‌ನ ಅಪ್ಪ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡರು. ಅಲ್ಲಿಂದ ಶುರು. ಎದೆ ಬಡಿತ, ಕೈಬೆರಳು ಜುಮುಜುಮು, ತಲೆಸುತ್ತು, ಹೊಟ್ಟೆಯಲ್ಲಿ ಗ್ಯಾಸ್, ನಿದ್ದೆ ಇಲ್ಲ. ನಾಲ್ಕು ಸಲ ಇಸಿಜಿ, ಒಮ್ಮೆ ಎಕೋ, ಟಿಎಂಟಿ, ಥೈರಾಯ್ಡ್, ಎಂಡೋಸ್ಕೋಪಿ ಎಲ್ಲಾ ಆಯಿತು. ಎಲ್ಲಾ ನಾರ್ಮಲ್. ಒಬ್ಬ ಡಾಕ್ಟರ್ ಫೈಲ್ ಪಕ್ಕಕ್ಕೆ ಸರಿಸಿ "ನಿನಗೇನೂ ಇಲ್ಲ, ಸುಮ್ನೆ ಟೆನ್ಶನ್, ಹೋಗು" ಅಂದರಂತೆ. ಅವತ್ತು ಮಗ ಬಹಳ ಅತ್ತ. ಈಗ ದಿನಾ ರಾತ್ರಿ ಹನ್ನೊಂದರ ಮೇಲೆ ಫೋನ್ ಬರುತ್ತದೆ, "ಅವ್ವಾ, ಎದಿ ಬಡಕೊಳ್ಳಾಕತ್ತೈತಿ, ಏನರ ಆಗತೈತೇನ ನನಗ?" ಏನೂ ಆಗೂದಿಲ್ಲೋ ಯಪ್ಪಾ ಅಂತ ಹತ್ತು ಸಲ ಹೇಳಿದ ಮೇಲೆ ಇಡುತ್ತಾನೆ. ಅವರಪ್ಪ ಇದೆಲ್ಲಾ ಓದು ತಪ್ಪಿಸೋ ನಾಟಕ ಅಂತಾರೆ. ನಾನು ಹರಕೆ ಹೊತ್ತಿದ್ದೇನೆ, ದೃಷ್ಟಿ ತೆಗೆಸಿದ್ದೇನೆ. ಅವನನ್ನು ಊರಿಗೆ ಕರೆಸಿಕೊಂಡು ಬಿಡಲಾ?
ಒಬ್ಬ ತಾಯಿ, ರಾಣೆಬೆನ್ನೂರು

ಉತ್ತರ: ಮೊದಲು ನಿಮ್ಮ ಯಜಮಾನರಿಗೆ ಒಂದು ಮಾತು, ಈ ಪುಟವನ್ನು ಅವರಿಗೂ ಓದಲು ಕೊಡಿ. ಅಣ್ಣಾವ್ರೇ, ಇದು ನಾಟಕ ಅಲ್ಲ. ನಿಮ್ಮ ಮಗನ ಎದೆ ನಿಜಕ್ಕೂ ಬಡಿದುಕೊಳ್ಳುತ್ತಿದೆ, ಬೆರಳು ನಿಜಕ್ಕೂ ಜುಮುಗುಟ್ಟುತ್ತಿವೆ. ಹೃದಯದಲ್ಲಿ ರೋಗ ಇಲ್ಲ ಅನ್ನುವುದೂ ನಿಜ. ಎರಡೂ ಒಟ್ಟಿಗೆ ನಿಜ ಆಗಬಹುದು, ನಮಗೆ ಅರ್ಥವಾಗದೇ ಇರುವುದು ಇದೇ.

ನಿಮ್ಮ ಕಡೆ ದೀಪಾವಳಿ ಮುಗಿದ ಮೇಲೆ ಹೋರಿ ಹಬ್ಬ ಮಾಡ್ತಾರಲ್ಲ, ಅದನ್ನು ನೆನಪಿಸಿಕೊಳ್ಳಿ. ಕೊರಳಿಗೆ ಕೊಬ್ಬರಿ ಸರ ಕಟ್ಟಿದ ಹೋರಿ ಕಟ್ಟೆ ಬಿಟ್ಟು ನಿಮ್ಮ ಕಡೆಗೇ ನುಗ್ಗಿತು ಅಂದುಕೊಳ್ಳಿ. ಆ ಕ್ಷಣಕ್ಕೆ ಎದೆ ಡಬಡಬ, ಉಸಿರು ಜೋರು, ಬಾಯಿ ಒಣಗುತ್ತದೆ, ಹೊಟ್ಟೆಯಲ್ಲಿ ಕಲಸಿದ ಹಾಗೆ. ಮೂತ್ರಪಿಂಡದ ಮೇಲಿರುವ ಸಣ್ಣ ಗ್ರಂಥಿಗಳು ಅಡ್ರಿನಲಿನ್ ಬಿಟ್ಟು ಓಡು ಅಂತ ಮೈಗೆ ಹೇಳಿದ್ದು ಅದು. ಆಗ ಯಾರೂ ಇಸಿಜಿ ಮಾಡಿಸಲು ಹೋಗುವುದಿಲ್ಲ, ಯಾಕೆಂದರೆ ಹೋರಿ ಕಣ್ಣೆದುರೇ ಇದೆ. ನಿಮ್ಮ ಮಗನ ಮೈಯಲ್ಲೂ ಅದೇ ನಡೆಯುತ್ತಿದೆ, ಆದರೆ ರೂಮಿನಲ್ಲಿ ಹೋರಿ ಇಲ್ಲ. ಕಾರಣ ಕಾಣದೇ ಇದ್ದಾಗ ಅವನು ಮೈಯೊಳಗೇ ಹುಡುಕುತ್ತಾನೆ, ಕುತ್ತಿಗೆಗೆ ಎರಡು ಬೆರಳಿಟ್ಟು ನಾಡಿ ಎಣಿಸುತ್ತಾನೆ, ಎಣಿಸಿದಷ್ಟೂ ಅದು ಏರುತ್ತದೆ, ಏರಿದ್ದನ್ನು ನೋಡಿ ಇನ್ನಷ್ಟು ಹೆದರುತ್ತಾನೆ. ಹೆದರಿ ಜೋರಾಗಿ ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಬೆರಳು, ತುಟಿ ಜುಮುಗುಟ್ಟುವುದು, ತಲೆ ಸುತ್ತುವುದು ಬಹಳ ಸಲ ಅದರಿಂದಲೇ. ಇಂಥ ಹೆದರಿಕೆ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿಗೆ ಏರಿ ಆಮೇಲೆ ತಾನಾಗಿಯೇ ಇಳಿಯುತ್ತದೆ. ಇದನ್ನು ಅವನು ಆರಾಮ ಇದ್ದಾಗ ಹೇಳಿ. ರಾತ್ರಿ ಹನ್ನೊಂದಕ್ಕೆ ಪಾಠ ಬೇಡ.

ಇದಕ್ಕೆ ಈಗ ಹೆಲ್ತ್ ಆಂಗ್ಸೈಟಿ, ಅಂದರೆ ರೋಗ ಬಂದಿದೆಯೇನೋ ಅನ್ನುವ ಅತಿಯಾದ ಆತಂಕ, ಅನ್ನುತ್ತಾರೆ. ಹಿಂದೆ ಹೈಪೋಕಾಂಡ್ರಿಯಾ ಅಂತಿದ್ದರು, ಆ ಹೆಸರು ಬೈಗುಳದ ಹಾಗೆ ಆಗಿಹೋಗಿತ್ತು. ಹೆಸರು ಏನೇ ಇರಲಿ, ಇದಕ್ಕೆ ಚಿಕಿತ್ಸೆ ಇದೆ, ವಾಸಿಯಾಗುತ್ತದೆ.

ಒಂದು ವಿಷಯ ಹೇಳಿದರೆ ನಿಮಗೆ ನೋವಾಗಬಹುದು, ಆದರೂ ಹೇಳುತ್ತೇನೆ. ನಿಮ್ಮ "ಏನೂ ಆಗೂದಿಲ್ಲೋ ಯಪ್ಪಾ" ಅನ್ನುವ ಮಾತು ಇಸಿಜಿ ರಿಪೋರ್ಟಿನ ಹಾಗೇ ಕೆಲಸ ಮಾಡುತ್ತಿದೆ. ರಿಪೋರ್ಟ್ ನೋಡಿದರೆ ನಾಲ್ಕು ದಿನ ಸಮಾಧಾನ, ನಿಮ್ಮ ಮಾತು ಕೇಳಿದರೆ ಒಂದು ರಾತ್ರಿ ಸಮಾಧಾನ. ಆಮೇಲೆ ಮತ್ತೆ ಬೇಕು. ಪ್ರತಿ ಸಲ ನೀವು ಹೇಳಿದಾಗಲೂ ಅವನ ಮನಸ್ಸು ಕಲಿಯುವುದು ಒಂದೇ, ಅವ್ವ ಹೇಳಿದ್ದಕ್ಕೆ ಬದುಕಿಕೊಂಡೆ ಅಂತ. ನನ್ನ ತಮ್ಮನಿಗೆ ಹೀಗೇ ಆಗಿದ್ದಾಗ ನಾನೇ ದಿನಾ ಅವನ ಕೈ ಹಿಡಿದು ನಾಡಿ ನೋಡಿ "ಸರಿ ಇದೆ" ಅಂತಿದ್ದೆ. ಪ್ರೀತಿಯಿಂದ ಮಾಡಿದ್ದೇ. ಆದರೆ ನಾನು ಊರಲ್ಲಿ ಇಲ್ಲದ ದಿನ ಅವನು ಆಟೋ ಮಾಡಿಕೊಂಡು ಎಮರ್ಜೆನ್ಸಿಗೆ ಹೋಗಿದ್ದ. ಆಮೇಲೆ ನನಗೆ ತಿಳಿಯಿತು.

ಹಾಗಂತ ಫೋನ್ ಎತ್ತಬೇಡಿ ಅಂತ ಖಂಡಿತ ಹೇಳ್ತಿಲ್ಲ. ಎತ್ತಿ. ಮಾತು ಬದಲಿಸಿ. ಹೀಗೆ ಹೇಳಬಹುದು: "ನಿನಗ ತ್ರಾಸ ಆಗಾಕತ್ತೈತಿ, ನನಗ ಗೊತ್ತಾತು. ಇದು ಮೊದ್ಲೂ ಬಂದಿತ್ತು, ಇಳದಿತ್ತು. ಏನೂ ಆಗೂದಿಲ್ಲ ಅಂತ ನಾ ಮತ್ತ ಮತ್ತ ಹೇಳೂದಿಲ್ಲ, ಆದ್ರ ನಾ ಲೈನ್‌ನ್ಯಾಗ ಇರತೀನಿ. ಸಾವಕಾಶ ಉಸಿರು ಬಿಡು." ಉಸಿರು ಒಳಗೆ ಎಳೆಯುವುದಕ್ಕಿಂತ ಹೊರಗೆ ಬಿಡುವುದು ಉದ್ದ ಇರಲಿ, ಅಷ್ಟು ಸಾಕು. ಆಮೇಲೆ ಬೇರೆ ಮಾತು ತೆಗೆಯಿರಿ, ಮೆಸ್ಸಿನಲ್ಲಿ ಏನು ಪಲ್ಯ ಮಾಡಿದ್ದರು, ಅಂಗಡಿಗೆ ಯಾರು ಬಂದಿದ್ದರು, ಅಂಥದ್ದು. ಆದರೆ ಈ ಬದಲಾವಣೆಯನ್ನು ಅವನಿಗೆ ಮೊದಲೇ ಹೇಳಿ, ಅವನನ್ನು ಒಪ್ಪಿಸಿಯೇ ಮಾಡಿ. ಹೇಳದೇ ಕೇಳದೇ ಒಂದು ರಾತ್ರಿ ನೀವು ಹಾಗೆ ಮಾತಾಡಿದರೆ ಅವ್ವನೂ ಕೈಬಿಟ್ಟಳು ಅಂದುಕೊಳ್ಳುತ್ತಾನೆ. ಮೊದಲ ವಾರ ಫೋನ್ ಜಾಸ್ತಿಯಾಗಬಹುದು, ಗಾಬರಿಯಾಗಬೇಡಿ.

ಇನ್ನು ಡಾಕ್ಟರ್ ವಿಷಯ. ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವುದು ನಿಲ್ಲಬೇಕು. ಒಬ್ಬರೇ ಫಿಜಿಷಿಯನ್ ಇರಲಿ, ತಿಂಗಳಿಗೋ ಆರು ವಾರಕ್ಕೋ ಒಮ್ಮೆ ತಾರೀಕು ಗೊತ್ತು ಮಾಡಿಕೊಂಡು ಹೋಗಲಿ, ಲಕ್ಷಣ ಇದ್ದರೂ ಹೋಗಲಿ, ಇಲ್ಲದಿದ್ದರೂ ಹೋಗಲಿ. ಹೊಸ ಪರೀಕ್ಷೆ ಬೇಕೋ ಬೇಡವೋ ಅವರೇ ಹೇಳಲಿ. ಆತಂಕ ಇರುವವರಿಗೂ ಬೇರೆ ಕಾಯಿಲೆ ಬರಬಹುದು, ಅದನ್ನು ಮರೆಯಬಾರದು. ಮೆಟ್ಟಿಲು ಹತ್ತಿದಾಗ ಎದೆ ಬಿಗಿದು ನೋವು ಕೈಗೋ ದವಡೆಗೋ ಹರಿದರೆ, ಎಚ್ಚರ ತಪ್ಪಿ ಬಿದ್ದರೆ, ಮೈಯ ಒಂದು ಪಕ್ಕ ಸೋತರೆ ತಕ್ಷಣ ಆಸ್ಪತ್ರೆಗೆ. ಕಾರಣವಿಲ್ಲದೆ ತೂಕ ಇಳಿದರೂ, ಮಲದಲ್ಲಿ ರಕ್ತ ಕಂಡರೂ ತಡ ಮಾಡದೆ ತೋರಿಸಿ.

ಧಾರವಾಡದಲ್ಲೇ ಡಿಮ್ಹಾನ್ಸ್ ಅನ್ನುವ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ. ನನಗೆ ಗೊತ್ತು, ಹೆಸರು ಕೇಳಿದ ಕೂಡಲೇ ನಿಮ್ಮ ಮನೆಯಲ್ಲಿ ಯಾರಾದರೂ "ಹುಚ್ಚರ ಆಸ್ಪತ್ರೆ" ಅನ್ನುತ್ತಾರೆ. ಬ್ರಿಟಿಷರ ಕಾಲದಲ್ಲಿ, 1845ರಲ್ಲಿ, ಶುರುವಾದಾಗ ಅದು ಹಾಗೇ ಇತ್ತು, ಆ ಹೆಸರು ಇನ್ನೂ ಬಿಟ್ಟಿಲ್ಲ. ಇವತ್ತು ಅಲ್ಲಿಗೆ ನಿದ್ದೆ ಬಾರದವರು, ತಲೆನೋವಿನವರು, ಪರೀಕ್ಷೆಯ ಹೆದರಿಕೆಯವರು ಎಲ್ಲಾ ಬರುತ್ತಾರೆ. ಮೊದಲೇ ಅಲ್ಲಿಗೆ ಹೋಗಲು ಮಗನಿಗೆ ಸಂಕೋಚ ಇದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಲಿ, ನಂಬರ್ 14416. 2022ರಲ್ಲಿ ಸರ್ಕಾರ ಶುರು ಮಾಡಿದ್ದು, ಪುಕ್ಕಟೆ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ನೀವೂ ಮಾಡಬಹುದು. ನಿಮಗೂ ಎಂಟು ತಿಂಗಳಿಂದ ನಿದ್ದೆ ಇಲ್ಲ ಅಲ್ವಾ.

ಚಿಕಿತ್ಸೆ ಅಂದರೆ ಮುಖ್ಯವಾಗಿ ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ. ನಾಡಿ ಹಿಡಿಯುವುದು, ಗೂಗಲ್‌ನಲ್ಲಿ ಹುಡುಕುವುದು, ಪದೇ ಪದೇ ಕೇಳುವುದು, ಇವನ್ನೆಲ್ಲಾ ಹಂತ ಹಂತವಾಗಿ ಬಿಡಿಸುತ್ತಾರೆ. ಬೇಕಾದರೆ ಮಾತ್ರೆಯನ್ನೂ ಕೊಡುತ್ತಾರೆ. ಆತಂಕಕ್ಕೆ ಸಾಮಾನ್ಯವಾಗಿ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳು ಚಟ ಹಿಡಿಸುವಂಥವಲ್ಲ, ಆದರೆ ಗುಣ ಕಾಣಲು ಕೆಲವು ವಾರ ಬೇಕು, ಡಾಕ್ಟರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬಾರದು. ಶುರುವಿನ ದಿನಗಳಲ್ಲಿ ವಾಕರಿಕೆ, ಸ್ವಲ್ಪ ಚಡಪಡಿಕೆ ಆಗಬಹುದು. ಮೈಯ ಸಣ್ಣ ಬದಲಾವಣೆಗೂ ಹೆದರುವ ಹುಡುಗನಿಗೆ ಇದನ್ನು ಮೊದಲೇ ಹೇಳಿಡದಿದ್ದರೆ ಎರಡೇ ದಿನಕ್ಕೆ ಮಾತ್ರೆ ಬಿಸಾಕುತ್ತಾನೆ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ಆಲ್‌ಪ್ರಜೋಲಾಮ್ ತರಹದ, ತಕ್ಷಣಕ್ಕೆ ಮನಸ್ಸು ಶಾಂತ ಮಾಡುವ ಮಾತ್ರೆ ಮಾತ್ರ ನುಂಗಬಾರದು, ಅದು ಅಭ್ಯಾಸ ಆಗಿಬಿಡುತ್ತದೆ.

ಅವನ ದಿನ ಹೇಗಿದೆ ಅಂತಲೂ ಕೇಳಿ. ಲೈಬ್ರರಿಯಲ್ಲಿ ಹತ್ತು ತಾಸು ಕೂತು ಏಳೆಂಟು ಕಪ್ ಚಹಾ ಕುಡಿದರೆ ಯಾರ ಎದೆಯಾದರೂ ಬಡಿಯುತ್ತದೆ. 2021ರಲ್ಲಿ ಅಪ್ಪು ತೀರಿಕೊಂಡಾಗ ಎಷ್ಟು ಹುಡುಗರು ಹೃದಯ ತಪಾಸಣೆಗೆ ಸಾಲು ನಿಂತರು, ನೆನಪಿದೆಯಲ್ಲ. ಈಗ ಮೊಬೈಲಿನಲ್ಲಿ ಅಂಥ ಒಂದು ವಿಡಿಯೋ ನೋಡಿದರೆ ಅದರ ಹಿಂದೆ ಇಪ್ಪತ್ತು ಬರುತ್ತವೆ. ಸಂಜೆ ಕರ್ನಾಟಕ ವಿಶ್ವವಿದ್ಯಾಲಯದ ಕ್ಯಾಂಪಸ್ ಕಡೆ ಬಿರುಸಾಗಿ ನಡೆದು ಬರಲಿ. ನಡೆದಾಗಲೂ ಎದೆ ಬಡಿಯುತ್ತದೆ, ಬಡಿದು ಇಳಿಯುತ್ತದೆ, ಇದನ್ನು ಅವನ ಮೈ ಕಲಿಯಬೇಕು. ಇದು ಅಪ್ಪ ಮಾಡಬಹುದಾದ ಕೆಲಸ. ಒಂದು ಭಾನುವಾರ ಅಂಗಡಿ ಮುಚ್ಚಿ, ಧಾರವಾಡಕ್ಕೆ ಹೋಗಿ ಮಗನ ಜೊತೆ ನಡೆಯಲಿ. ಓದಿನ ಮಾತು ಎತ್ತದೇ.

ಸಾಯುವ ಹೆದರಿಕೆ ಬೇರೆ, ಸಾಕಾಗಿದೆ ಬದುಕು ಅನ್ನುವುದು ಬೇರೆ. ಎರಡನೆಯದು ಅವನ ಬಾಯಲ್ಲಿ ಬಂತಾ ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಅನ್ನುವುದು ಸುಳ್ಳು. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ, ಅದೇ ದಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.

ಹರಕೆ ತೀರಿಸಿ, ಬೇಡ ಅನ್ನುವುದಿಲ್ಲ, ಚಿಕಿತ್ಸೆ ಅದರ ಜೊತೆಗೇ ನಡೆಯಲಿ. ಊರಿಗೆ ಕರೆಸಿಕೊಳ್ಳಲಾ ಅಂತ ಕೇಳಿದ್ದೀರಿ. ಹಾಗೆ ಮಾಡಿದರೆ ರೂಮು, ಲೈಬ್ರರಿ, ಧಾರವಾಡ ಎಲ್ಲವೂ ಅವನಿಗೆ ಹೆದರಿಕೆಯ ಜಾಗಗಳಾಗಿ ಉಳಿದುಬಿಡುತ್ತವೆ ಅಂತ ನನಗೆ ಅನ್ನಿಸುತ್ತದೆ. 23 ವರ್ಷದವನು, ನಿರ್ಧಾರ ಅವನದೂ ಆಗಿರಲಿ. ಬರ್ತೀನಿ ಅಂದರೆ ಬರಲಿ, ಒಂದು ವಾರ ಇರಲಿ, ಬರುವಾಗಲೇ ವಾಪಸ್ ಹೋಗುವ ತಾರೀಕೂ ಗೊತ್ತಿರಲಿ. ಆ ರಿಪೋರ್ಟಿನ ಫೈಲು ಮಾತ್ರ ನೀವು ಇಸಿದುಕೊಂಡು ನಿಮ್ಮ ಟ್ರಂಕಿನಲ್ಲಿ ಇಡಿ, ಡಾಕ್ಟರ್ ಕೇಳಿದ ದಿನ ತೆಗೆದು ಕೊಟ್ಟರಾಯಿತು.