ಕಂಪಾಸ್ ಬಾಕ್ಸ್ ಮೇಲೆ ‘ಗಂಡುಬೀರಿ’

ಪ್ರಿಯ ಅಕ್ಕ,

ಗಂಗಾವತಿ ಕಡೆಯಿಂದ ನೀವು ಬರೆದ ಪತ್ರವನ್ನು ಎರಡು ಸಲ ಓದಿದೆ. ಒಂಬತ್ತನೇ ಕ್ಲಾಸಿನ ಮಗಳು ಎರಡು ಜಡೆ, ರಿಬ್ಬನ್ ಬಿಟ್ಟು ಕೂದಲು ಕತ್ತರಿಸಿಕೊಂಡಳು, ಕಬಡ್ಡಿಗೆ ಸೇರಿದಳು, ಆಗಸ್ಟ್ 15ಕ್ಕೆ ರಂಗೋಲಿ ಹಾಕು ಅಂದ ಟೀಚರಿಗೆ ‘ಹುಡುಗರಿಗೂ ಹೇಳ್ರಿ’ ಅಂದಳು. ಕ್ಲಾಸಿನಲ್ಲಿ ಹುಡುಗರು ‘ಗಂಡುಬೀರಿ’ ಅಂತ ಕೂಗಿದರೆ ಅದೇ ಪದವನ್ನು ವೈಟ್ನರಿನಲ್ಲಿ ಕಂಪಾಸ್ ಬಾಕ್ಸ್ ಮೇಲೆ ದಪ್ಪಗೆ ಬರೆದುಕೊಂಡಿದ್ದಾಳೆ. ‘ಇವಳಿಗೆ ಏನಾಗಿದೆ?’ ಅಂತ ಕೇಳಿದ್ದೀರಿ.

ಏನೂ ಆಗಿಲ್ಲ ಅಕ್ಕ. ಹಂಗಿಸೋಕೆ ಇಟ್ಟ ಹೆಸರನ್ನು ತಾನೇ ಬರೆದುಕೊಂಡರೆ ಹಂಗಿಸುವವರ ಕೈಯಲ್ಲಿ ಏನು ಉಳಿಯುತ್ತೆ? ಈ ವಯಸ್ಸಿಗೇ ಅವಳಿಗೆ ಅದು ಹೊಳೆದಿದೆ.

ನಾನು ರಾಯಚೂರಿನಲ್ಲಿ ಓದುವಾಗ ಹುಡುಗರು ಬೆಂಚು ಎತ್ತಿಡಬೇಕು, ನಾವು ಕಸ ಗುಡಿಸಬೇಕು. ಬೆಂಚು ವರ್ಷಕ್ಕೆ ಎರಡು ಸಲ, ಕಸ ದಿನಾ. ಒಂದಿನ ಪೊರಕೆಯನ್ನು ಹುಡುಗರ ಬೆಂಚಿನ ಮೇಲಿಟ್ಟು ಬಂದೆ. ಚೆನ್ನಾಗಿ ಬೈಸಿಕೊಂಡೆ, ಮರುದಿನ ಸುಮ್ನೆ ಗುಡಿಸಿದೆ. ನಿಮ್ಮ ಮಗಳು ನನಗಿಂತ ಗಟ್ಟಿ. 2016ರಲ್ಲಿ ನಿಮ್ಮ ಕೊಪ್ಪಳ ಜಿಲ್ಲೆಯ 16 ವರ್ಷದ ಹುಡುಗಿಯೊಬ್ಬಳು ಮನೆಗೆ ಶೌಚಾಲಯ ಬೇಕೇ ಬೇಕು ಅಂತ ಊಟ ಬಿಟ್ಟು ಕೂತಿದ್ದು, ಪ್ರಧಾನಿ ಅದನ್ನು ರೇಡಿಯೋದಲ್ಲಿ ಹೇಳಿದ್ದು ನೆನಪಿದೆಯಾ? ಅವಳದೂ ಇಂಥದ್ದೇ ಹಟ ಅಲ್ವಾ.

ನನಗೆ ಚುಚ್ಚಿದ್ದು ನಿಮ್ಮ ಪತ್ರದ ಇನ್ನೊಂದು ಸಾಲು. ‘ಆ ರಿಬ್ಬನ್ ಹುಡುಗಿಯರ ಪಕ್ಕ ನಾನು ಕೂರಲ್ಲ, ಎಲ್ಲಾ ಅಳುಬುರುಕಿಯರು’ ಅಂದಳಂತೆ. ಅವಳ ಜೊತೆ ಮಾತಾಡಬೇಕಾದ್ದು ಇದರ ಬಗ್ಗೆ. ಆ ಪಕ್ಕದ ಹುಡುಗಿ ಬೆಳಿಗ್ಗೆ ಅವ್ವನ ಜೊತೆ ಭತ್ತದ ನಾಟಿಗೆ ಹೋಗಿ, ಕಾಲಿನ ಕೆಸರು ತೊಳೆದು, ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿ ಬಂದಿರಬಹುದು. ಶಾಲೆ ಬಿಡಿಸೋಕೆ ಯಾರಿಗೂ ಒಂದು ನೆಪ ಸಿಗಬಾರದು, ಹೆಂಗಾದರೂ ಎಸ್ಸೆಸ್ಸೆಲ್ಸಿ ಮುಟ್ಟಬೇಕು ಅಂತ ಹಲ್ಲು ಕಚ್ಚಿಕೊಂಡು ಕೂತವಳಿರಬಹುದು. ರಿಬ್ಬನ್ ಕಟ್ಟಿಕೊಂಡವಳಿಗೂ ಹಟ ಇರುತ್ತೆ. ಹುಡುಗಿಯರನ್ನು ಹೀಗಳೆಯೋದನ್ನು ನಿಮ್ಮ ಮಗಳು ಆ ಹುಡುಗರಿಂದಲೇ ಕಲಿತಿದ್ದಾಳೆ. ಅದೊಂದು ಬಿಟ್ಟರೆ ಸಾಕು.

‘ಹತ್ತನೇ ಕ್ಲಾಸ್ ಮುಗಿದ ಕೂಡಲೇ ಮದುವೆ ಮಾಡಿ, ದಾರಿಗೆ ಬರ್ತಾಳೆ’ ಅನ್ನುವ ನೆಂಟರ ಮಾತಿಗೆ ಮಾತ್ರ ಕಿವಿ ಕೊಡಬೇಡಿ. 18 ತುಂಬದ ಹುಡುಗಿಯ ಮದುವೆ ಕರ್ನಾಟಕದಲ್ಲಿ ಕಾನೂನಿನ ಲೆಕ್ಕಕ್ಕೆ ಮದುವೆಯೇ ಅಲ್ಲ. ಒತ್ತಾಯ ಜಾಸ್ತಿಯಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಮುಂದಿನ ತಿಂಗಳು ಅವಳಿಗೆ ತಾಲ್ಲೂಕು ಮಟ್ಟದ ಪಂದ್ಯ ಇದೆ ಅಂದಿದ್ದೀರಿ. ಹೋಗಿ ನೋಡಿ. ಆ ರಿಬ್ಬನ್ ಹುಡುಗಿಯನ್ನೂ ಕರೆದುಕೊಂಡು ಹೋಗಿ, ಅವಳ ಅವ್ವನನ್ನು ನೀವೇ ಕೇಳಿ, ದೊಡ್ಡವರು ಕೇಳಿದರೆ ಕಳಿಸ್ತಾರೆ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ಇದೆ, ಮೂವರಿಗೂ ಸರ್ಕಾರಿ ಬಸ್ಸಿಗೆ ದುಡ್ಡು ಬೇಕಿಲ್ಲ.

– ಸಂಪಾದಕಿ