ಹಳೆ ಬೈಕಿನ ಆಯಿಲ್: ಬಿಸಿ ಎಷ್ಟು, ಸವೆತ ಎಷ್ಟು?

ಪ್ರಶ್ನೆ: ನನ್ನದು ಹಳೆ ಬೀಡುಕಬ್ಬಿಣ ಇಂಜಿನ್ನಿನ ಬುಲೆಟ್ 350. ಕುಮಟಾದಿಂದ ಸಿರ್ಸಿಗೆ ಆಗಾಗ ಹೋಗಿ ಬರುತ್ತೇನೆ. ಆಯಿಲ್ ಮುಚ್ಚಳದ ಜಾಗಕ್ಕೆ ಥರ್ಮಾಮೀಟರ್ ಹಾಕಿಸಿದ್ದೇನೆ. ದೇವಿಮನೆ ಘಟ್ಟ ಹತ್ತಿದಾಗ 105 ಡಿಗ್ರಿ ತೋರಿಸಿತು. ಆಯಿಲ್ ಬದಲಿಸುವಾಗ ಡ್ರೈನ್ ಬೋಲ್ಟಿನ ಮ್ಯಾಗ್ನೆಟ್ಟಿಗೆ ಬೂದು ಪೇಸ್ಟ್ ಅಂಟಿತ್ತು. ಇಂಜಿನ್ ಬಿಚ್ಚಿಸಬೇಕಾ?
– ಓದುಗರು, ಕುಮಟಾ

ಉತ್ತರ: ಬೇಡ, ದಯವಿಟ್ಟು ಈಗಲೇ ಬಿಚ್ಚಿಸಬೇಡಿ. ಗಾಳಿಯಿಂದ ತಣಿಯುವ ಇಂಜಿನ್, ಕಡಿಮೆ ಗೇರ್, ನಿಧಾನ ವೇಗ, ಏರುದಾರಿ, ಇಷ್ಟೆಲ್ಲ ಸೇರಿದಾಗ 105 ಅಂದರೆ ಮಾಮೂಲಿ. 20ಡಬ್ಲ್ಯೂ-50 ದರ್ಜೆಯ ದಪ್ಪ ಆಯಿಲ್ ಇದನ್ನು ಆರಾಮಾಗಿ ತಡೆಯುತ್ತದೆ. 130 ದಾಟಿ ಅಲ್ಲೇ ನಿಂತರೆ ಆಗ ಯೋಚಿಸಿ, ಯಾಕೆಂದರೆ ಆ ಮಟ್ಟದಲ್ಲಿ ಬಿಸಿ 10 ಡಿಗ್ರಿ ಏರಿದಂತೆಲ್ಲ ಆಯಿಲ್ ಕೆಡುವ ವೇಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ.

ಆದರೆ ಒಂದು ದಿನದ ಅಂಕಿ ನೋಡಿ ಏನೂ ಹೇಳೋಕೆ ಆಗುವುದಿಲ್ಲ. ಒಂದು ನೋಟ್‌ಬುಕ್ ಇಡಿ. ಕತಗಾಲದಲ್ಲಿ ಎಷ್ಟು, ಘಟ್ಟದ ತುದಿಯಲ್ಲಿ ಎಷ್ಟು, ಹಿಂದೆ ಯಾರಾದರೂ ಕೂತಿದ್ದರಾ, ಬಿಸಿಲಿತ್ತಾ ಅಂತ ಬರೆದಿಡಿ. ಅದೇ ದಾರಿ, ಅದೇ ಭಾರ, ಅದೇ ಹವೆ ಇದ್ದೂ ಮಾಮೂಲಿಗಿಂತ 15 ಡಿಗ್ರಿ ಜಾಸ್ತಿ ಬಂದರೆ ಕಾರಣ ಹುಡುಕಬೇಕು: ಆಯಿಲ್ ಕಡಿಮೆ ಇದೆಯಾ, ಕಾರ್ಬುರೇಟರ್ ಪೆಟ್ರೋಲ್ ಕಡಿಮೆ ಕೊಡುತ್ತಿದೆಯಾ, ಪ್ಲಗ್ ಕಿಡಿ ಹೊಡೆಯುವ ಟೈಮಿಂಗ್ ಹಿಂದೆ ಸರಿದಿದೆಯಾ (ಕಿಡಿ ತಡವಾಗುತ್ತಿದೆಯಾ), ಸಿಲಿಂಡರ್ ಫಿನ್‌ಗಳ (ಬಿಸಿ ಹೊರಹಾಕುವ ಪಟ್ಟಿಗಳ) ನಡುವೆ ಕೆಂಪು ಮಣ್ಣು ಗಟ್ಟಿಯಾಗಿ ಕೂತಿದೆಯಾ. ನಮ್ಮ ಕಡೆ ಮಳೆಗಾಲ ಮುಗಿದ ಮೇಲೆ ಈ ಕೊನೆಯದನ್ನು ಮೊದಲು ನೋಡಿ, ಖರ್ಚಿಲ್ಲದ ಕೆಲಸ ಅಲ್ವಾ. ಇನ್ನೊಂದು, ಘಟ್ಟ ಹತ್ತಿದ ಕೂಡಲೇ ಗಾಡಿ ಆಫ್ ಮಾಡಬೇಡಿ. ಹಗುರ ಥ್ರಾಟಲ್‌ನಲ್ಲಿ ರಾಗಿಹೊಸಳ್ಳಿ ಕಡೆಗೆ ಸ್ವಲ್ಪ ದೂರ ಹೋಗಿ ನಿಲ್ಲಿಸಿ. ಇಂಜಿನ್ ಓಡುತ್ತಿದ್ದರೆ ಆಯಿಲ್ ಸುತ್ತುತ್ತಿರುತ್ತದೆ, ಗಾಳಿಯೂ ಬಡಿಯುತ್ತದೆ. ನಿಂತರೆ ಎರಡೂ ಇಲ್ಲ.

ಈಗ ಪೇಸ್ಟ್ ವಿಷಯ. ಬೆರಳಲ್ಲಿ ಉಜ್ಜಿದಾಗ ನುಣ್ಣಗಿದ್ದರೆ ಅದು ದಿನನಿತ್ಯದ ಸವೆತ, ಎಲ್ಲ ಇಂಜಿನ್‌ನಲ್ಲೂ ಇರುತ್ತದೆ. ಚುಚ್ಚುವ ಚೂರು, ಉಗುರಿಗೆ ಸಿಗುವ ಪದರ ಇದ್ದರೆ ಅದು ಬೇರೆ ಕಥೆ. ಮ್ಯಾಗ್ನೆಟ್ ಹಿಡಿಯುವುದು ಕಬ್ಬಿಣ, ಉಕ್ಕನ್ನು ಮಾತ್ರ. ಪಿಸ್ಟನ್ನಿನ ಅಲ್ಯೂಮಿನಿಯಂ, ಬುಷ್‌ಗಳ (ತಿರುಗುವ ದಂಡ ಕೂರುವ ಬಳೆಗಳ) ಕಂಚು ಅದಕ್ಕೆ ಸಿಗುವುದೇ ಇಲ್ಲ. ಹಾಗಾಗಿ ಆಯಿಲನ್ನು ಬಿಸಿ ಇರುವಾಗಲೇ ಇಳಿಸಿ, ಹಳೆ ಬಿಳಿ ಪಂಚೆಯ ತುಂಡಿನಲ್ಲಿ ಸೋಸಿ, ಬಿಸಿಲಿಗೆ ಹಿಡಿದು ನೋಡಿ. ಮ್ಯಾಗ್ನೆಟ್ಟಿಗೆ ಅಂಟದ ಬೆಳ್ಳಿ ಮಿಂಚು ಕಂಡರೆ ಪಿಸ್ಟನ್ ಮೇಲೆ ಮೊದಲ ಅನುಮಾನ, ಹಳದಿ ಮಿಂಚು ಕಂಡರೆ ಬುಷ್ ಮೇಲೆ.

ರೈಲ್ವೆಯ ಡೀಸೆಲ್ ಶೆಡ್‌ಗಳಲ್ಲಿ ಲೋಕೋ ಆಯಿಲನ್ನು ಸ್ಪೆಕ್ಟ್ರೋಮೀಟರ್‌ಗೆ ಹಾಕಿ ಯಾವ ಲೋಹ ಎಷ್ಟಿದೆ ನೋಡುತ್ತಾರೆ. ಬೈಕ್ ಆಯಿಲನ್ನೂ ಖಾಸಗಿ ಲ್ಯಾಬ್‌ನಲ್ಲಿ ಹೀಗೆ ಮಾಡಿಸಬಹುದು. ಸ್ಯಾಂಪಲ್ಲನ್ನು ಮೊದಲ ಧಾರೆಯಲ್ಲಿ ಹಿಡಿಯಬೇಡಿ, ನಡುವಿನ ಧಾರೆಯಲ್ಲಿ, ಒಣಗಿದ ಚೊಕ್ಕ ಬಾಟಲಿಗೆ ಹಿಡಿಯಿರಿ. ಕಬ್ಬಿಣದ ಜೊತೆ ಮಣ್ಣು, ಮರಳಿನಲ್ಲಿರುವ ಸಿಲಿಕಾನ್ ಕೂಡ ಏರಿದ್ದರೆ ಏರ್ ಫಿಲ್ಟರ್ ಕಡೆಯಿಂದ ಧೂಳು ನುಗ್ಗುತ್ತಿರಬಹುದು. ಆದರೆ ರಿಪೋರ್ಟ್ ಚೆನ್ನಾಗಿದೆ ಅಂತ ಸುಮ್ನೆ ಕೂರಬೇಡಿ. ಈ ಪರೀಕ್ಷೆಗೆ 5ರಿಂದ 10 ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದೊಡ್ಡ ಚೂರು ಸರಿಯಾಗಿ ಸಿಗುವುದಿಲ್ಲ, ಬೇರಿಂಗ್ ಒಡೆಯುವಾಗ ಉದುರುವುದೋ ಅಂಥ ದೊಡ್ಡ ಚೂರುಗಳೇ. ಪಂಚೆ ತುಂಡು ಬೇಕೇ ಬೇಕು.

ಪ್ರಶ್ನೆ: ಕೋಡಿಬಾಗದಿಂದ ಕಾರವಾರ ಪೇಟೆಗೆ ಮಾತ್ರ ಬೈಕ್ ಬಳಸುತ್ತೇನೆ. ಇಂಜಿನ್ ಯಾವತ್ತೂ ಬಿಸಿಯಾಗಿಲ್ಲ, ಆದರೂ ಆಯಿಲ್ ಮುಚ್ಚಳದ ಒಳಗೆ ಬಿಳಿ ಕೆನೆ ಕಟ್ಟುತ್ತದೆ.
– ಓದುಗರು, ಕಾರವಾರ

ಉತ್ತರ: ಬಿಸಿಯಾಗದಿರುವುದೇ ನಿಮ್ಮ ತೊಂದರೆ! ಪೆಟ್ರೋಲ್ ಉರಿದಾಗ ನೀರಾವಿ ಹುಟ್ಟುತ್ತದೆ, ಅದರಲ್ಲಿ ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಆಯಿಲ್‌ಗೆ ಇಳಿಯುತ್ತದೆ, ಮೇಲೆ ಕಡಲ ತೇವ ಬೇರೆ. ಆಯಿಲ್ ಚೆನ್ನಾಗಿ ಕಾಯದಿದ್ದರೆ ಆ ನೀರು ಹೋಗುವುದಿಲ್ಲ. ಆಮ್ಲ ಸೇರಿ ಬೇರಿಂಗನ್ನು, ಕ್ಯಾಮನ್ನು ಒಳಗಿಂದಲೇ ತಿನ್ನುತ್ತದೆ. ಘಟ್ಟ ಹತ್ತುವ ಬೈಕಿಗಿಂತ ಇಂಥ ಪೇಟೆ ಬೈಕಿನ ಬಗ್ಗೆಯೇ ನನಗೆ ಜಾಸ್ತಿ ಚಿಂತೆ. ವಾರಕ್ಕೊಮ್ಮೆ ಹೆದ್ದಾರಿ 66ರಲ್ಲಿ ಅಂಕೋಲಾವರೆಗೆ ಹೋಗಿ ಬನ್ನಿ. ಕಿಲೋಮೀಟರ್ ಲೆಕ್ಕ ಬಿಟ್ಟು ಮಳೆಗಾಲಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಆಯಿಲ್ ಬದಲಿಸಿ. ಮುಚ್ಚಳ ಮಾತ್ರವಲ್ಲ, ಒಳಗಿನ ಆಯಿಲೆಲ್ಲ ಹಾಲಿನಂತಾಗಿದ್ದರೆ ಹೊರಗಿನ ನೀರೇ ನುಗ್ಗಿದೆ. ಸ್ಟಾರ್ಟ್ ಮಾಡದೆ ಗ್ಯಾರೇಜಿಗೆ ತಳ್ಳಿಕೊಂಡು ಹೋಗಿ.

ಪ್ರಶ್ನೆ: ಆರ್‌ಎಕ್ಸ್ 100ಕ್ಕೂ ಆಯಿಲ್ ಥರ್ಮಾಮೀಟರ್ ಹಾಕಬಹುದಾ?
– ಓದುಗರು, ಹೊನ್ನಾವರ

ಉತ್ತರ: ಹಾಕಿ ಪ್ರಯೋಜನವಿಲ್ಲ, ಅದು ಟೂ ಸ್ಟ್ರೋಕ್ ಬೈಕ್. ಟೂ ಸ್ಟ್ರೋಕ್‌ನಲ್ಲಿ ಇಂಜಿನ್ ಆಯಿಲ್ ಪೆಟ್ರೋಲ್ ಜೊತೆ ಉರಿದುಹೋಗುತ್ತದೆ, ಸುತ್ತಿ ವಾಪಸ್ ಬರುವುದಿಲ್ಲ. ಸ್ಪಾರ್ಕ್ ಪ್ಲಗ್ ಕೆಳಗೆ ಕೂರುವ ಸೆನ್ಸರ್ ತಂದು ಸಿಲಿಂಡರ್ ಹೆಡ್ಡಿನ ಬಿಸಿ ನೋಡಿ. ಗೇರ್‌ಬಾಕ್ಸ್ ಆಯಿಲನ್ನು ಮಾತ್ರ ಮೇಲೆ ಹೇಳಿದ ಹಾಗೆಯೇ ಬಟ್ಟೆಯಲ್ಲಿ ಸೋಸಿ ನೋಡಬಹುದು. ಅದರಲ್ಲಿ ಕ್ಲಚ್ ಪ್ಲೇಟಿನ ಪುಡಿಯೂ ಇರುತ್ತದೆ, ಕಪ್ಪಗಿದೆ ಅಂತ ಗಾಬರಿ ಬೇಡ.